ಮೂವತ್ತೊಂದನೆಯ ನಿಮಿಷದ ಹೆಡ್‌ಫೋನ್ ಪರೀಕ್ಷೆ

ಪೂರ್ವಾಪರ ವಿಚಾರಿಸದೆ ಒಂದು ಗುಂಡುಸೂಜಿಯನ್ನೂ ಮನೆಯೊಳಗೆ ಬಿಟ್ಟುಕೊಂಡವನಲ್ಲ ನಾನು! ಹೆಮ್ಮೆಯಿಂದಲೇ ಹೇಳುತ್ತಿದ್ದೇನೆ, ತಲೆ ತಗ್ಗಿಸುವ ಸರದಿ ಹೇಗೂ ಮುಂದೆ ಬರಲಿದೆ. ಇಪ್ಪತ್ತೆರಡು ವರ್ಷಗಳಿಂದ ಜನರ ಬಾಯಿಂದಲೇ ಅವರ ಬದುಕಿನ ಚರಿತ್ರೆಯನ್ನು ಕೇಳಿ, ಧ್ವನಿಮುದ್ರಿಸಿ, ಅಕ್ಷರಕ್ಕಿಳಿಸುವುದು ನನ್ನ ಕಸುಬು. ವಿಶ್ವವಿದ್ಯಾಲಯ ನನಗೆ ಕಲಿಸಿಕೊಟ್ಟದ್ದು ಎರಡೇ ಸೂತ್ರ. ಹೇಳುವವರನ್ನು ನಡುವೆ ತಡೆಯಕೂಡದು. ಅವರಾಗಿಯೇ ತಡೆದು ನಿಂತರೆ ಮೃದುವಾಗಿ ‘ಹ್ಞೂಂ’ ಎಂದು ಮುಂದಕ್ಕೆ ತಳ್ಳಬೇಕು. ಈ ಏಕಾಕ್ಷರದ ಬಲದಿಂದ ನಾನು ಸೂಲಗಿತ್ತಿಯರ, ಹಡಗಿನ ಅಡುಗೆಯವರ, ಗಡಿಯಾರ ರಿಪೇರಿಯವರ ಬಾಯಿ ಬಿಡಿಸಿದ್ದೇನೆ. ಒಬ್ಬ ನಿವೃತ್ತ ಜೇಬುಗಳ್ಳನೂ ನನ್ನ ‘ಹ್ಞೂಂ’ಗೆ ಕರಗಿ, ಪೊಲೀಸರಿಗೆ ಹೇಳದ್ದನ್ನೆಲ್ಲ ನನಗೆ ಹೇಳಿ, ಹೋಗುವಾಗ ನನ್ನ ಪೆನ್ನನ್ನೂ ಹಿಂದಿರುಗಿಸಿ ಹೋಗಿದ್ದಾನೆ!

ಇಂಥ ನನ್ನ ಹೆಡ್‌ಫೋನ್ ಆ ಸೋಮವಾರ ಪ್ರಾಣ ಬಿಟ್ಟಿತು. ಅದರ ಎಡಭಾಗ ತಿಂಗಳ ಹಿಂದೆಯೇ ಮೌನವ್ರತ ಹಿಡಿದಿತ್ತು. ಬಲಭಾಗವೂ ಸಂಗಾತಿಯನ್ನು ಅಗಲಿರಲಾರದೆ ಅದನ್ನೇ ಹಿಂಬಾಲಿಸಿತು. ಅದೂ ಎಂಥ ಹೊತ್ತಿನಲ್ಲಿ! ನಲವತ್ತು ವರ್ಷ ಒಂದೇ ಕಟ್ಟಡದಲ್ಲಿ ಲಿಫ್ಟ್ ಓಡಿಸಿದ ಎಂಬತ್ನಾಲ್ಕರ ಹಿರಿಯರೊಬ್ಬರನ್ನು ಮನೆಗೆ ಕರೆಸಿ ನಾನು ಎರಡು ಗಂಟೆಯ ಸಂದರ್ಶನ ಮಾಡಿದ್ದೆ. ಅವರನ್ನು ನಾನು ಲಿಫ್ಟ್ ತಾತ ಎಂದೇ ಕರೆಯುವುದು. ತಾತನ ದನಿಯೋ, ಪಿಸುಮಾತಿಗಿಂತ ಒಂದು ಮಹಡಿ ಕೆಳಗೆ. ಅದನ್ನು ಅಕ್ಷರಕ್ಕಿಳಿಸಿ ಮುಂದಿನ ಸೋಮವಾರದೊಳಗೆ ವಿಶ್ವವಿದ್ಯಾಲಯದ ಸಂಗ್ರಹಾಲಯಕ್ಕೆ ಒಪ್ಪಿಸಬೇಕಿತ್ತು.

“ಹೊಸದೊಂದು ತಗೊಂಡು ಬನ್ನಿ, ಅಷ್ಟೇ ತಾನೇ?” ಎಂದಳು ನನ್ನ ಹೆಂಡತಿ. ಅವಳು ನ್ಯಾಯಾಲಯದಲ್ಲಿ ಶೀಘ್ರಲಿಪಿಗಾರ್ತಿ. ಯಾರು ಏನೆಂದರೂ ಅಂದಂತೆಯೇ ಬರೆದುಕೊಳ್ಳುವ ಕೈ ಅವಳದು. ಅನ್ನದೇ ಇದ್ದದ್ದನ್ನು ಊಹಿಸಿಕೊಂಡು ಬರೆಯುವ ಪದ್ಧತಿ ಅವಳಲ್ಲಿಲ್ಲ.

“ಹೊಸದಕ್ಕೆ ಚರಿತ್ರೆ ಇರೋದಿಲ್ಲ. ಚರಿತ್ರೆ ಇಲ್ಲದ್ದನ್ನ ನಾನು ಹೇಗೆ ನಂಬಲಿ? ರೀಫರ್ಬಿಶ್ಡ್ ತಗೋಬೇಕೋ, ಯೂಸ್ಡ್ ತಗೋಬೇಕೋ, ಅದೇ ಈಗಿರೋ ಪ್ರಶ್ನೆ.”

“ಎರಡಕ್ಕೂ ಏನ್ರೀ ವ್ಯತ್ಯಾಸ? ಎರಡೂ ಇನ್ನೊಬ್ಬರ ಕಿವಿಯಿಂದ ಇಳಿದು ಬಂದಿದ್ದೇ ತಾನೇ?”

ನಾನು ಕನ್ನಡಕ ಒರೆಸಿಕೊಂಡೆ. ಉಪನ್ಯಾಸಕ್ಕೆ ಮುಂಚೆ ನಾನು ಕನ್ನಡಕ ಒರೆಸುತ್ತೇನೆ. ಅದನ್ನು ಕಂಡೊಡನೆ ಅವಳು ತರಕಾರಿ ಹೆಚ್ಚುವುದಕ್ಕೆ ಕೂರುತ್ತಾಳೆ.

“ಅಪಾರ ವ್ಯತ್ಯಾಸವಿದೆ! ಯೂಸ್ಡ್ ಅಂದ್ರೆ ಮೂಲ ಹಸ್ತಪ್ರತಿ ಇದ್ದ ಹಾಗೆ. ಹುಳು ತಿಂದಿರಬಹುದು, ಎಣ್ಣೆ ಕಲೆ ಇರಬಹುದು, ಆದರೆ ಇದ್ದದ್ದು ಇದ್ದ ಹಾಗೇ ಇರುತ್ತೆ. ರೀಫರ್ಬಿಶ್ಡ್ ಅಂದ್ರೆ ಪರಿಷ್ಕೃತ ಮುದ್ರಣ. ಸಂಪಾದಕರೊಬ್ಬರು ಕೂತು ದೋಷಗಳನ್ನೆಲ್ಲ ತೆಗೆದು, ತಿದ್ದಿ, ಹೊಸ ರಟ್ಟು ಹಾಕಿರ್ತಾರೆ. ವಿದ್ವಾಂಸನಾದವನು ಎರಡನ್ನೂ ಎದುರುಬದುರು ಇಟ್ಟು, ಪಾಠಾಂತರ ಪರಿಶೀಲಿಸಿ, ಆಮೇಲೆ...”

“ಅದು ಹೆಡ್‌ಫೋನ್ ಕಣ್ರೀ.”

“ಎರಡನ್ನೂ ಮನೆಗೆ ತಂದು ಪರೀಕ್ಷೆ ಮಾಡ್ತೀನಿ. ಒಂದು ವಾರದಲ್ಲಿ ತೀರ್ಪು!”

“ತೀರ್ಪು ಬಂದಾಗ ಹೇಳಿ. ಟೈಪ್ ಮಾಡಿ ಕೊಡ್ತೀನಿ.”

ಬುಧವಾರ ನಾನು ಪರಿಷ್ಕೃತ ಮುದ್ರಣದ ಅಂಗಡಿಗೆ ಹೋದೆ. ಅದು ಎರಡು ಬೀದಿಯಾಚೆ ಹೊಸದಾಗಿ ತೆರೆದದ್ದು. ಗಾಜು, ಬಿಳಿ ದೀಪ, ಕಾಲಿಟ್ಟರೆ ನಮ್ಮ ಮುಖ ನಮಗೇ ಕಾಣುವಂಥ ನೆಲ. ಅಂಗಡಿಯ ಮಾಲೀಕನೂ ಈಗ ತಾನೇ ಯಾರೋ ಬಟ್ಟೆಯಿಂದ ಒರೆಸಿ ನಿಲ್ಲಿಸಿದಂತೆ ಮಿರಿಮಿರಿ ಮಿಂಚುತ್ತಿದ್ದ. ಕುಳಿತುಕೊಳ್ಳಲು ಕುರ್ಚಿಯಿರಲಿಲ್ಲ. ಗೋಡೆಯ ಪಕ್ಕ ಬಿಳಿ ಪ್ಲಾಸ್ಟಿಕ್ ಹಾಳೆ ಹೊದಿಸಿ ಏನೋ ಪೆಟ್ಟಿಗೆಗಳನ್ನು ಜೋಡಿಸಿಟ್ಟಿದ್ದರು. ಅವುಗಳ ಮೇಲೆ ಕುಳಿತು ನಾನು ನಲವತ್ಮೂರು ಪ್ರಶ್ನೆಗಳ ಪಟ್ಟಿಯನ್ನು ತೆರೆದೆ.

“ಇದನ್ನು ಮೊದಲು ಬಳಸಿದವರು ಯಾರು?”

“ಅದು ಬೇಡ ಸಾರ್. ಹಳೇದು ಅಂತ ಗೊತ್ತೇ ಆಗಬಾರದು, ಅದೇ ನಮ್ಮ ಕೆಲಸ! ಒಳಗಿನದೆಲ್ಲ ತೆಗೆದು, ಒರೆಸಿ, ಹೊಸದು ಮಾಡಿಬಿಡ್ತೀವಿ.”

“ಭೇಷ್!” ಎಂದು ಬರೆದುಕೊಂಡೆ.

“ಇಲ್ಲೊಂದು ಬಟನ್ ಇದೆ ನೋಡಿ. ಇದನ್ನ ಒತ್ತಿದ್ರೆ ರೆಕಾರ್ಡಿಂಗ್‌ನಲ್ಲೂ ಹತ್ತಿರದ ಮಾತು ಮಾತ್ರ ಕೇಳುತ್ತೆ. ಹಿಂದಿನ ಗಲಾಟೆ, ಬಾಗಿಲು, ಪಾತ್ರೆ, ಮನೆಯವರು, ಎಲ್ಲ ಮಾಯ!”

ಇದನ್ನೂ ಬರೆದುಕೊಂಡೆ. ಒಂದು ಗಂಟೆಯ ನಂತರ ಏಳುವಾಗ, ಪರಿಶೀಲನೆ ಪೂರ್ಣವಾಗಿರಲೆಂದು, ಟಿಪ್ಪಣಿಯ ಕೊನೆಗೆ ‘ಆಸನ: ಗಟ್ಟಿ; ಮೂಲೆ ಚುಚ್ಚುತ್ತದೆ’ ಎಂದೂ ಸೇರಿಸಿದೆ. ಶನಿವಾರ ಸಂಜೆಯೊಳಗೆ ಇಷ್ಟವಿಲ್ಲದಿದ್ದರೆ ಹಿಂದಿರುಗಿಸಬಹುದೆಂಬ ಕರಾರಿನ ಮೇಲೆ ಹೆಡ್‌ಫೋನ್ ನನ್ನ ಚೀಲ ಸೇರಿತು.

ಗುರುವಾರ ಮೂಲ ಹಸ್ತಪ್ರತಿಯ ಸರದಿ. ಅದರ ಒಡೆಯ ಒಬ್ಬ ಧ್ವನಿಗ್ರಾಹಕ. ಕಿವಿಗೆ ವಿಶ್ರಾಂತಿ ಬೇಕೆಂದು ವೈದ್ಯರು ಹೇಳಿದ್ದರಿಂದ ತನ್ನ ಹೆಡ್‌ಫೋನನ್ನು ಮಾರುತ್ತಿದ್ದ. ತಂತಿ ಸುರುಳಿ ಸುರುಳಿಯಾಗಿದ್ದ, ಮೆತ್ತೆಗಳು ಹರಿದಿದ್ದ, ನೆತ್ತಿಯ ಪಟ್ಟಿಗೆ ಕಪ್ಪು ಟೇಪು ಸುತ್ತಿದ್ದ ಭಾರಿ ಗಾತ್ರದ ವಸ್ತು. ನಾನು ಪಟ್ಟಿ ತೆರೆದೆ.

“ಈ ಹೆಡ್‌ಫೋನ್ ನಿಮ್ಮ ಬದುಕಿನಲ್ಲಿ ಮೊದಲು ಬಂದದ್ದು ಯಾವಾಗ? ಆಗ ನಿಮ್ಮ ಮನಃಸ್ಥಿತಿ ಹೇಗಿತ್ತು?”

ಆತ ನನ್ನನ್ನು ದಿಟ್ಟಿಸಿದ. “ಸಾರ್, ನೀವು ಇದನ್ನ ತಗೊಳ್ತೀರೋ, ಇಲ್ಲ ಇದರ ಜೀವನಚರಿತ್ರೆ ಬರೀತೀರೋ?”

“ಹ್ಞೂಂ...” ಎಂದೆ ಮೃದುವಾಗಿ.

ನಂಬಿದರೆ ನಂಬಿ, ಆತ ಒಂದೂವರೆ ಗಂಟೆ ಮಾತಾಡಿದ! ಕೊನೆಗೆ ಕಣ್ಣೊರೆಸಿಕೊಂಡು, “ಇಟ್ಕೊಂಡು ನೋಡಿ ಸಾರ್, ಒಪ್ಪಿಗೆಯಾದ್ರೆ ಆಮೇಲೆ ಮಾತಾಡೋಣ. ಒಂದೇ ಎಚ್ಚರಿಕೆ. ಇದರ ಮುಂದೆ ಏನೂ ಅಡಗಲ್ಲ. ಗೋಡೆಯಾಚೆ ಸೊಳ್ಳೆ ಆಕಳಿಸಿದ್ರೂ ಕೇಳಿಸುತ್ತೆ” ಎಂದ.

ಶನಿವಾರ ಬೆಳಿಗ್ಗೆ ಹನ್ನೊಂದಕ್ಕೆ ಪರೀಕ್ಷೆ ಆರಂಭವಾಯಿತು. ಮೇಜಿನ ಎಡಕ್ಕೆ ಪರಿಷ್ಕೃತ, ಬಲಕ್ಕೆ ಮೂಲ, ನಡುವೆ ಧ್ವನಿಮುದ್ರಕ, ಪಕ್ಕದಲ್ಲಿ ಕಾಫಿ. ಎರಡಕ್ಕೂ ಒಂದೇ ಪಾಠ: ಲಿಫ್ಟ್ ತಾತನ ಸಂದರ್ಶನದ ಮೂವತ್ತೊಂದನೆಯ ನಿಮಿಷ. ನಾಲ್ಕು ಮತ್ತು ಐದನೆಯ ಮಹಡಿಗಳ ನಡುವೆ ಮೂರು ಗಂಟೆ ಲಿಫ್ಟ್ ಸಿಕ್ಕಿಕೊಂಡ ದಿನದ ಕಥೆಯನ್ನು ಅವರು ಹೇಳುವುದು ಅಲ್ಲಿಯೇ. ಆ ಒಂದು ನಿಮಿಷವೇ ಮತ್ತೆ ಮತ್ತೆ ಸುತ್ತಿ ಬರುವಂತೆ ಯಂತ್ರವನ್ನು ಅಣಿಗೊಳಿಸಿ, ಪರಿಷ್ಕೃತವನ್ನು ಕಿವಿಗೇರಿಸಿ, ಆ ಬಟನ್ ಒತ್ತಿದೆ.

ಆಹಾ, ಎಂಥ ಶುದ್ಧ ಪಾಠ! ತಾತ ನನ್ನ ಕಿವಿಯೊಳಗೇ ಸ್ಟೂಲ್ ಹಾಕಿಕೊಂಡು ಕುಳಿತಂತಿತ್ತು.

“ಅವತ್ತು ನಾನು ಆ ಲಿಫ್ಟ್ ಒಳಗೇ ಸತ್ತುಹೋಗಿದ್ರೆ ಒಳ್ಳೇದಿತ್ತು ಅಂತೀರಾ ಸಾರ್?” ಎನ್ನುತ್ತಿದ್ದರು ತಾತ.

ಆಮೇಲೆ ನಿಶ್ಶಬ್ದ. ಆಮೇಲೆ ಸ್ಪಷ್ಟವಾಗಿ, ತುಂಬು ಸೌಜನ್ಯದಿಂದ, ನನ್ನದೇ ದನಿ: “ಹ್ಞೂಂ, ಹ್ಞೂಂ. ಖಂಡಿತ.”

ನಾನು ಬೆಚ್ಚಿಬಿದ್ದೆ! ಎಂಬತ್ನಾಲ್ಕರ ಹಿರಿಯರೊಬ್ಬರು ಸಾಯಬೇಕಿತ್ತೇ ಎಂದು ಕೇಳಿದರೆ ‘ಖಂಡಿತ’ ಎಂದೆನೇ? ಮತ್ತೆ ಕೇಳಿದೆ. ಅಂದೇ ಇದ್ದೇನೆ. ಮೂರನೆಯ ಸಲವೂ ಕೇಳಿದೆ. ಈ ಸಲ ಅದರ ನಂತರದ್ದೂ ಕಿವಿಗೆ ಬಿತ್ತು, ತಾತ ಚಿಕ್ಕ ದನಿಯಲ್ಲಿ, “...ಸರಿ ಬಿಡಿ ಸಾರ್” ಎನ್ನುತ್ತಿದ್ದರು. ಅಂದಿನಿಂದ ಆ ಹಿರಿಯರು ನನ್ನ ಕರೆ ಎತ್ತದಿರುವುದಕ್ಕೆ ಕಾರಣ ನಾನು ಭಾವಿಸಿದ್ದ ಮಂದ ಕಿವಿಯಲ್ಲ!

ಪರಿಷ್ಕೃತವನ್ನು ತೆಗೆದಿಟ್ಟು, ಮೂಲವನ್ನು ತಲೆಗೇರಿಸಿ, ಅದರ ತಂತಿಯನ್ನು ಯಂತ್ರಕ್ಕೆ ಚುಚ್ಚಿದೆ. ನಿಶ್ಶಬ್ದವೆಂದು ನಾನು ತಿಳಿದಿದ್ದ ಜಾಗ ನಿಶ್ಶಬ್ದವಾಗಿರಲಿಲ್ಲ. ಬಾಗಿಲು ಕಿರುಗುಟ್ಟಿತು. ಚಪ್ಪಲಿಯ ಸಪ್ಪಳ ಬಂತು. ಆಮೇಲೆ ನನ್ನ ಹೆಂಡತಿ!

“ರೀ, ಅಟ್ಟದ ಗೋಡೆಗೆ ತೇವ ಏರಿದೆ. ಬಣ್ಣದವನು ಮುಂದಿನ ವಾರ ಶನಿವಾರ ಬರ್ತಾನಂತೆ. ಅಲ್ಲಿರೋ ಹದಿನೇಳು ಪೆಟ್ಟಿಗೆ ಕ್ಯಾಸೆಟ್ ಎಲ್ಲ ಕಂಪ್ಯೂಟರ್‌ಗೆ ಹಾಕಿದ್ದಾಯ್ತಲ್ಲ? ಈ ಶುಕ್ರವಾರವೇ ಕೊಟ್ಟು ಕಳಿಸ್ಲಾ?”

“ಹ್ಞೂಂ, ಹ್ಞೂಂ. ಖಂಡಿತ.”

ಓದುಗ ಮಹಾಶಯರೇ, ನನ್ನ ಎದೆ ಧಸಕ್ಕೆಂದಿತು ಎಂದರೆ ಅದು ಸಂಪಾದಕರು ತಿದ್ದಿದ ಪಾಠವಾಗುತ್ತದೆ. ಎದೆ ನಿಂತಿತು! ಆ ಹದಿನೇಳು ಪೆಟ್ಟಿಗೆಗಳಲ್ಲಿದ್ದದ್ದು ನೂರಾ ನಲವತ್ಮೂರು ಜನರ ದನಿ. ಅವರಲ್ಲಿ ಅರವತ್ತೊಂದು ಮಂದಿ ಈಗಿಲ್ಲ. ಅವರು ನಕ್ಕದ್ದು, ಬಿಕ್ಕಿದ್ದು, ಕೆಮ್ಮಿದ್ದು ಈ ಭೂಮಿಯ ಮೇಲೆ ಉಳಿದಿದ್ದರೆ ಆ ಅಟ್ಟದ ಮೇಲೆ ಮಾತ್ರ. ಕಂಪ್ಯೂಟರಿಗೆ ನಾನು ಹಾಕಿದ್ದು ಎರಡೇ ಪೆಟ್ಟಿಗೆ. ಉಳಿದದ್ದನ್ನು ‘ಕ್ರಮಬದ್ಧವಾಗಿ, ಬಿಡುವಾದಾಗ’ ಎಂದು ಹನ್ನೊಂದು ವರ್ಷದಿಂದ ಮುಂದೂಡುತ್ತ ಬಂದಿದ್ದೆ. ಮತ್ತು ಆ ಶುಕ್ರವಾರ ಕಳೆದು ಎಂಟು ದಿನವಾಗಿತ್ತು!

ನೆಗೆದೆದ್ದೆ. ತಲೆಯ ಮೇಲಿನ ಹೆಡ್‌ಫೋನ್‌ಗೆ ತಂತಿಯಿದೆ ಎಂಬುದನ್ನು ಮರೆತಿದ್ದೆ. ತಂತಿಯ ಸುರುಳಿ ಬಿಗಿಯಿತು. ಧ್ವನಿಮುದ್ರಕ ಮೇಜಿನ ಮೇಲೆ ನನ್ನ ಹಿಂದೆಯೇ ಓಡಿಬಂತು. ಅದರ ದಾರಿಯಲ್ಲಿದ್ದ ಕಾಫಿ ಪರಿಷ್ಕೃತದ ಮೇಲೆ ಮಗುಚಿತು. ಯಂತ್ರ ನೆಲಕ್ಕೆ ಬಿದ್ದು ತಂತಿ ಕಿತ್ತುಕೊಂಡಿತು. ತಂತಿ ಕಿತ್ತರೆ ಆ ಯಂತ್ರ ಏನು ಮಾಡುತ್ತದೆ? ತನ್ನದೇ ಸ್ಪೀಕರಿನಲ್ಲಿ, ತನ್ನ ಪೂರ್ತಿ ದನಿಯಲ್ಲಿ, ಕೊಟ್ಟ ಒಂದು ನಿಮಿಷವನ್ನೇ ಸುತ್ತಿ ಸುತ್ತಿ ಹಾಡುತ್ತದೆ!

“ಕೊಟ್ಟು ಕಳಿಸ್ಲಾ?” ಎಂದಿತು ಮನೆ. “ಹ್ಞೂಂ, ಹ್ಞೂಂ. ಖಂಡಿತ!”

ಏಣಿ ಹತ್ತಿ ಅಟ್ಟದೊಳಕ್ಕೆ ತಲೆ ತೂರಿಸಿದೆ. ಖಾಲಿ! ಒಂದು ಮೂಲೆಯಿಂದ ಇನ್ನೊಂದು ಮೂಲೆಯವರೆಗೆ ಬೆಳ್ಳಗೆ, ಒದ್ದೆಯಾಗಿ, ಆಗ ತಾನೇ ಬಳಿದ ಬಣ್ಣ! ನನಗಿಂತ ಮುಂಚೆ ಅಲ್ಲಿ ಕುಳಿತಿದ್ದ ಬಣ್ಣದವನು ಕುಂಚ ಹಿಡಿದುಕೊಂಡೇ ನನ್ನ ತಲೆಯನ್ನು ನೋಡಿ, “ಮುಟ್ಟಬೇಡಿ ಸಾರ್, ಒಣಗಿಲ್ಲ” ಎಂದ.

ಕೆಳಗೆ ಅವಳು ಬಂದು ನಿಂತಿದ್ದಳು.

“ನನ್ನ ಪೆಟ್ಟಿಗೆಗಳೆಲ್ಲಿ?”

“ಕೂಗಬೇಡಿ. ಕಿವಿ ಮೇಲಿನದನ್ನ ತೆಗೀರಿ ಮೊದಲು.”

ತೆಗೆದೆ. “ನನ್ನ ಪೆಟ್ಟಿಗೆಗಳೆಲ್ಲಿ?”

“ಕೊಟ್ಟೆ. ಕೇಳಿ ಕೊಟ್ಟೆ. ಮೂರು ಸಲ ಕೇಳಿದೆ. ಹೋದ ವಾರ ಮಂಗಳವಾರ ಆ ತಾತನ ಮುಂದೆ ಕೇಳಿದೆ, ಹ್ಞೂಂ ಅಂದ್ರಿ. ಗುರುವಾರ ಊಟಕ್ಕೆ ಕೂತಾಗ ಕೇಳಿದೆ, ಹ್ಞೂಂ ಅಂದ್ರಿ. ಶುಕ್ರವಾರ ಇಬ್ಬರು ಬಂದು ಪೆಟ್ಟಿಗೆ ಹೊತ್ಕೊಂಡು ನಿಮ್ಮ ಪಕ್ಕದಲ್ಲೇ ಹೋದ್ರಲ್ರೀ! ಅವರಿಗೆ ಅಡ್ಡ ಅಂತ ನೀವೇ ಕಾಲು ಎತ್ತಿ ದಾರಿ ಬಿಟ್ರಿ!”

“ನಾನು ಕೇಳಿಸಿಕೊಳ್ತಾ ಇದ್ದೆ! ಎಡಕಿವಿಯದು ಸತ್ತಿತ್ತು, ಬಲಕಿವೀಲಿ ತಾತ ಇದ್ರು!”

“ಕಣ್ಣಲ್ಲಿ ಯಾರಿದ್ರು?”

ಈ ಪ್ರಶ್ನೆ ನನ್ನ ನಲವತ್ಮೂರರ ಪಟ್ಟಿಯಲ್ಲಿರಲಿಲ್ಲ.

“ಅದು ಒಪ್ಪಿಗೆಯ ಹ್ಞೂಂ ಅಲ್ಲ ಕಣೇ! ಅದು ವೃತ್ತಿಯ ಹ್ಞೂಂ!”

“ಕೋರ್ಟಲ್ಲಿ ನಾವು ಎರಡಕ್ಕೂ ಒಂದೇ ಗುರುತು ಹಾಕ್ತೀವಿ.”

“ಅದರಲ್ಲಿ ಹದಿನೈದು ಪೆಟ್ಟಿಗೆಗೆ ಪ್ರತಿಯೇ ಇಲ್ಲ!”

ಅಲ್ಲಿಗೆ ಅವಳ ಮುಖ ಬದಲಾಯಿತು. ಇಷ್ಟು ಹೊತ್ತು ನ್ಯಾಯಾಲಯದಂತೆ ನಿಂತಿದ್ದವಳು ಏಣಿಯ ಕಾಲನ್ನು ಹಿಡಿದುಕೊಂಡಳು.

“ಪ್ರತಿ ಇಲ್ವಾ? ಆ ಸೂಲಗಿತ್ತಿ ಅಜ್ಜಿದೂ?”

“ಇಲ್ಲ.”

“ಹಡಗಿನ ಅಡುಗೆಯವರದು?”

“ಇಲ್ಲ.”

“ನೀವು ಹ್ಞೂಂ ಅಂದ್ರಲ್ರೀ...” ಎಂದಳು. ಆ ದನಿಯಲ್ಲಿ ಜಗಳವಿರಲಿಲ್ಲ. ಅಡುಗೆಯವನ ಕಥೆಯನ್ನು ನಾನು ಅಕ್ಷರಕ್ಕಿಳಿಸುವಾಗ ಅವಳು ಹಿಂದೆ ನಿಂತು ಕೇಳಿ ಅತ್ತಿದ್ದಳು. ನನಗದು ನೆನಪಿತ್ತು, ಅವಳಿಗೆ ನೆನಪಿದೆಯೆಂಬುದು ನನಗೆ ತಿಳಿದಿರಲಿಲ್ಲ.

“ಯಾರಿಗೆ ಕೊಟ್ಟೆ?”

“ಮೊನ್ನೆ ಬುಧವಾರ ನೀವೇ ಹೋಗಿದ್ರಲ್ಲ, ಆ ಮಿರಿಮಿರಿ ಅಂಗಡಿ. ಹಳೇ ಕ್ಯಾಸೆಟ್ ಎಲ್ಲ ಅವರು ತಗೊಳ್ತಾರೆ.”

ಬುಧವಾರ! ಬಿಳಿ ಪ್ಲಾಸ್ಟಿಕ್ ಹಾಳೆ! ಆಸನ, ಗಟ್ಟಿ, ಮೂಲೆ ಚುಚ್ಚುತ್ತದೆ! ಇಪ್ಪತ್ತೆರಡು ವರ್ಷದ ದುಡಿಮೆಯ ಮೇಲೆ ಒಂದು ಗಂಟೆ ಕುಳಿತು, ಬೇರೊಬ್ಬರ ಕಿವಿಯ ಮೆತ್ತೆಯ ಚರಿತ್ರೆ ವಿಚಾರಿಸಿ ಬಂದಿದ್ದೆ ನಾನು!

ಸ್ಕೂಟರನ್ನು ಅವಳೇ ಓಡಿಸಿದಳು. ನಾನು ಹಿಂದೆ, ಕೊರಳಲ್ಲಿ ಯೂಸ್ಡ್, ಕೈಯಲ್ಲಿ ಕಾಫಿ ತೊಟ್ಟಿಕ್ಕುವ ರೀಫರ್ಬಿಶ್ಡ್, ತಲೆಯ ಮೇಲೆ ಅಟ್ಟದ ಬಿಳಿ ಬಣ್ಣ. ಅವಸರದಲ್ಲಿ ಯಂತ್ರವನ್ನೂ ಆರಿಸದೆಯೇ ಜೇಬಿಗೆ ತುರುಕಿಕೊಂಡಿದ್ದೆ. ಸಿಗ್ನಲ್ಲಿನಲ್ಲಿ ನಿಂತಾಗ ಪಕ್ಕದ ಕಾರಿನವರು ನಮ್ಮನ್ನು ನೋಡಿದರು. ನನ್ನ ಜೇಬು ಅವರಿಗೆ, “ಅವತ್ತು ನಾನು ಆ ಲಿಫ್ಟ್ ಒಳಗೇ ಸತ್ತುಹೋಗಿದ್ರೆ ಒಳ್ಳೇದಿತ್ತು ಅಂತೀರಾ ಸಾರ್?” ಎಂದು ಕೇಳಿ, ತಾನೇ “ಖಂಡಿತ” ಎಂದಿತು. ಅವರು ಗಾಜು ಏರಿಸಿಕೊಂಡರು. ನಾನು ಯಂತ್ರವನ್ನು ಆರಿಸಿದೆ.

ಅಂಗಡಿ ಹೊಕ್ಕೊಡನೆ ಗೋಡೆಯ ಪಕ್ಕಕ್ಕೆ ನೋಡಿದೆ. ಬಿಳಿ ಹಾಳೆ ಮಡಚಿ ಇಟ್ಟಿದೆ. ಪೆಟ್ಟಿಗೆಗಳಿಲ್ಲ!

“ಬನ್ನಿ ಸಾರ್!” ಎಂದ ಮಾಲೀಕ. “ಹೆಡ್‌ಫೋನ್ ಇಷ್ಟವಾಯ್ತಾ? ಅಯ್ಯೋ, ಇದೇನ್ ಸಾರ್ ವಾಸನೆ?”

“ಪೆಟ್ಟಿಗೆ! ಇಲ್ಲಿದ್ದ ಪೆಟ್ಟಿಗೆ!”

“ಓ, ಆ ಕ್ಯಾಸೆಟ್ಟಾ? ಹಿಂದುಗಡೆ ಹೋಯ್ತು ಸಾರ್. ನಿನ್ನೆಯಿಂದ ರೀಫರ್ಬಿಶ್ ಆಗ್ತಿದೆ.”

“ಅಂದರೆ?” ಅರ್ಥ ನನಗೆ ಗೊತ್ತಿತ್ತು. ಆದರೂ ಕೇಳಿದೆ, ತಪ್ಪಾಗಿ ತಿಳಿದಿರಬಹುದೆಂಬ ಆಸೆ.

“ಒಳಗಿರೋದನ್ನೆಲ್ಲ ಅಳಿಸಿ, ಮೇಲಿನ ಹೆಸರು ಕೆರೆದು, ಒರೆಸಿ, ಹೊಸ ಡಬ್ಬಿಗೆ ಹಾಕ್ತೀವಿ. ಖಾಲಿ ಕ್ಯಾಸೆಟ್‌ಗೆ ಈಗ ಭಾರೀ ಬೇಡಿಕೆ ಸಾರ್! ನೋಡ್ತಾ ಇರಿ, ಹಳೇದು ಅಂತ ಗೊತ್ತೇ ಆಗಲ್ಲ!”

ಮೂರು ದಿನದ ಹಿಂದೆ ಈ ಮಾತಿಗೆ ‘ಭೇಷ್’ ಎಂದು ಬರೆದುಕೊಂಡ ಕೈಯಿಂದಲೇ ನಾನು ಕೌಂಟರನ್ನು ಹಿಡಿದುಕೊಂಡೆ. ಅವಳು ನನ್ನ ತೋಳು ಹಿಡಿದು ಹಿಂದಿನ ಬಾಗಿಲಿನ ಕಡೆಗೆ ಎಳೆದಳು. “ಮೇಡಂ, ಅಲ್ಲಿ ಕೆಲಸ ನಡೀತಿದೆ!” ಎನ್ನುತ್ತ ಮಾಲೀಕನೂ ಓಡಿಬಂದ.

ಹಿಂದಿನ ಕೋಣೆಯಲ್ಲಿ ಕೆಲಸ ನಡೆಯುತ್ತಿರಲಿಲ್ಲ. ಉದ್ದನೆಯ ಮೇಜಿನ ಮೇಲೆ ಇಸ್ತ್ರಿಪೆಟ್ಟಿಗೆಯಷ್ಟು ದೊಡ್ಡ ಅಳಿಸುವ ಆಯಸ್ಕಾಂತವೊಂದು ಸುಮ್ಮನೆ ಕುಳಿತಿತ್ತು. ಅದರ ಸುತ್ತ ಮೂವರು. ನಡುವೆ ಐವತ್ತು ದಾಟಿದ, ಕೊರಳಿಗೆ ಭೂತಗನ್ನಡಿ ನೇತುಹಾಕಿಕೊಂಡ ಹೆಂಗಸು; ಅವರನ್ನು ಅಲ್ಲಿ ಎಲ್ಲರೂ ಅಕ್ಕ ಎನ್ನುತ್ತಿದ್ದರು. ಪಕ್ಕದಲ್ಲಿ ಬೆಸುಗೆ ಹಾಕುವ ಇಬ್ಬರು ಗಂಡಸರು, ಕೈಕಟ್ಟಿಕೊಂಡು. ಮೇಜಿನ ಮೇಲೆ ಹಳೆಯ ಟೇಪ್ ರೆಕಾರ್ಡರ್ ತಿರುಗುತ್ತಿತ್ತು.

“ನಿಲ್ಲಿಸಿ! ಅಳಿಸಬೇಡಿ!” ಎಂದು ಕಿರುಚಿದೆ.

“ಶ್!” ಎಂದರು ಮೂವರೂ ಒಟ್ಟಿಗೆ. ಅಕ್ಕ ನನ್ನ ಕಡೆ ತಿರುಗಿಯೂ ನೋಡದೆ ಬೆರಳೆತ್ತಿದರು. “ಮಧ್ಯದಲ್ಲಿ ಮಾತಾಡಬೇಡಿ. ಅವರು ಹೇಳ್ತಿದ್ದಾರೆ.”

ಹೇಳುತ್ತಿದ್ದದ್ದು ಹಡಗಿನ ಅಡುಗೆಯವನು! ಸತ್ತು ಒಂಬತ್ತು ವರ್ಷವಾದ ಆ ಮನುಷ್ಯ, ಬಿರುಗಾಳಿಯಲ್ಲಿ ಹಡಗು ಓಲಾಡುವಾಗ ಇಪ್ಪತ್ತಾರು ಜನರಿಗೆ ಗಂಜಿ ಬೇಯಿಸಿದ್ದನ್ನೂ, ಪಾತ್ರೆ ಜಾರದಂತೆ ಅದನ್ನು ತಬ್ಬಿಕೊಂಡು ನಿಂತು ಎದೆ ಸುಟ್ಟುಕೊಂಡದ್ದನ್ನೂ, ತನ್ನ ಒಡಕು ದನಿಯಲ್ಲಿ ನಗುನಗುತ್ತ ಹೇಳುತ್ತಿದ್ದ. ಪಕ್ಕದಲ್ಲೊಂದು ಪೆಟ್ಟಿಗೆಯಿತ್ತು; ಅದರ ಮೇಲೆ ಕುಳಿತೆ. ಮೂಲೆ ಚುಚ್ಚಿತು. ಅಷ್ಟು ಹಿತವಾಗಿ ಯಾವ ಮೂಲೆಯೂ ನನಗೆ ಎಂದೂ ಚುಚ್ಚಿರಲಿಲ್ಲ!

ಕ್ಯಾಸೆಟ್ಟಿನ ಒಂದು ಬದಿ ಮುಗಿಯುವವರೆಗೆ ಎಲ್ಲರೂ ಕೇಳಿದೆವು. ಮುಗಿದಾಗ ಅಕ್ಕ ಮೂಗು ಒರೆಸಿಕೊಂಡು, “ಯಾರು ನೀವು?” ಎಂದರು.

“ಅದನ್ನೆಲ್ಲ ಧ್ವನಿಮುದ್ರಿಸಿದವನು ನಾನೇ.”

“ಓಹೋ! ನೀವೇನಾ ಆ ಹ್ಞೂಂ?” ಎಂದರು ಅಕ್ಕ. “ಅವರು ಕೊನೆಗೆ ಮನೆಗೆ ಹೋದ್ರೋ ಇಲ್ವೋ? ಎರಡನೇ ಕ್ಯಾಸೆಟ್ ಯಾವ ಪೆಟ್ಟಿಗೇಲಿದೆ ಅಂತ ಬೆಳಿಗ್ಗೆಯಿಂದ ಹುಡುಕ್ತಿದ್ದೀವಿ.”

“ಬೆಳಿಗ್ಗೆಯಿಂದ?” ಎಂದ ಮಾಲೀಕ. “ನಿನ್ನೆಯಿಂದ ಎಷ್ಟು ಪೆಟ್ಟಿಗೆ ಆಯ್ತು ಅಕ್ಕ?”

“ಒಂದು.”

“ಬರೀ ಒಂದಾ?”

“ಅಳಿಸೋಕೆ ಮುಂಚೆ ಒಂದ್ಸಲ ಹಾಕಿ ನೋಡಬೇಕಲ್ಲ, ಟೇಪ್ ಸರಿ ಇದೆಯಾ ಅಂತ. ಹಾಕಿದ್ವಿ. ಮೊದಲು ಸೂಲಗಿತ್ತಿ ಅಜ್ಜಿ ಬಂದ್ರು. ಅವರನ್ನ ಅಳಿಸೋಕೆ ಕೈ ಬರಲಿಲ್ಲ. ಆಮೇಲೆ ಗಡಿಯಾರದವರು, ಆಮೇಲೆ ಆ ಕಳ್ಳ! ಇವನಂತೂ,” ಎಂದು ಪಕ್ಕದವನನ್ನು ತೋರಿಸಿ, “ಊಟಕ್ಕೂ ಏಳಲಿಲ್ಲ. ಆಗಾಗ ಜೇಬು ಮುಟ್ಟಿಕೊಂಡು ನೋಡ್ತಿದ್ದ.”

ನನ್ನ ಹೆಂಡತಿ ಗೋಡೆಗೊರಗಿ ನಕ್ಕಳು, ನಗುತ್ತಲೇ ಕಣ್ಣೊರೆಸಿಕೊಂಡಳು. ನಾನು ಪೆಟ್ಟಿಗೆಗಳನ್ನು ಎಣಿಸಿದೆ. ಹದಿನಾರು. ಮತ್ತೆ ಎಣಿಸಿದೆ. ಹದಿನಾರೇ! ಮೇಜಿನ ತುದಿಯಲ್ಲಿ ಹೆಸರು ಕೆರೆದ, ಪಳಪಳ ಹೊಳೆಯುವ ಕ್ಯಾಸೆಟ್ಟುಗಳ ಸಾಲೊಂದಿತ್ತು. ಒಂದನ್ನು ಎತ್ತಿ ರೆಕಾರ್ಡರಿಗೆ ಹಾಕಿ, ಕೊರಳಲ್ಲಿದ್ದ ಯೂಸ್ಡ್ ಹೆಡ್‌ಫೋನನ್ನು ಅದಕ್ಕೆ ಚುಚ್ಚಿ, ಕಣ್ಣುಮುಚ್ಚಿ ಆಲಿಸಿದೆ. ಸೊಳ್ಳೆಯ ಆಕಳಿಕೆಯನ್ನೂ ಬಿಡದ ಆ ಯಂತ್ರದಲ್ಲಿ ಏನೂ ಇರಲಿಲ್ಲ. ಉಸಿರೂ ಇಲ್ಲ, ಕೆಮ್ಮೂ ಇಲ್ಲ. ಯಾರದಾಗಿತ್ತು ಈ ದನಿ? ಅಗ್ನಿಶಾಮಕ ದಳದವರೇ? ಶಾಲೆಯ ಗಂಟೆ ಹೊಡೆಯುತ್ತಿದ್ದವರೇ? ಪೆಟ್ಟಿಗೆಗಳ ಸಂಖ್ಯೆಗಳನ್ನು ಒಂದೊಂದಾಗಿ ಓದಿದೆ. ಏಳಿದೆ, ಎಂಟಿದೆ, ಹತ್ತಿದೆ. ಇಲ್ಲದ್ದು ಒಂಬತ್ತು.

ಒಂಬತ್ತು!

“ಯಾರದ್ರೀ ಅದು?” ಎಂದಳು ಹೆಂಡತಿ, ಆತಂಕದಿಂದ.

“ಯಾರದೂ ಅಲ್ಲ,” ಎಂದೆ. “ನನ್ನದು. ‘ಆಲಿಸುವ ಕಲೆ’ ಅಂತ ನಾನು ಕೊಟ್ಟ ಉಪನ್ಯಾಸಮಾಲೆ. ಹನ್ನೆರಡು ಭಾಗ.”

ಅವಳ ಆತಂಕ ಕಣ್ಮರೆಯಾದ ವೇಗ ನನಗೆ ಅಷ್ಟೇನೂ ಹಿಡಿಸಲಿಲ್ಲ. “ದೇವರು ದೊಡ್ಡವನು,” ಎಂದಳು.

ಆಮೇಲಿನ ವ್ಯವಹಾರವೆಲ್ಲ ಅವಳೇ ಮುಗಿಸಿದಳು. ಹದಿನಾರು ಪೆಟ್ಟಿಗೆ ನಮಗೆ ವಾಪಸ್ಸು. ಎಲ್ಲವನ್ನೂ ಕಂಪ್ಯೂಟರಿಗೆ ಹಾಕುವ ಕೆಲಸ ಸೋಮವಾರದಿಂದಲೇ ಅಕ್ಕನದು, ಏಕೆಂದರೆ ಅಕ್ಕನಿಗೆ ಅಡುಗೆಯವನು ಮನೆ ಸೇರಿದನೇ ಎಂದು ತಿಳಿಯಲೇಬೇಕಿತ್ತು. ಲಿಫ್ಟ್ ತಾತನ ಮನೆಗೆ ನಾಳೆಯೇ ಹೋಗಿ, ಆ ‘ಖಂಡಿತ’ ಯಾವ ಪ್ರಶ್ನೆಗೆ ಎಂದು ನಾನು ಖುದ್ದಾಗಿ ವಿವರಿಸತಕ್ಕದ್ದು. ಕಾಫಿ ಕುಡಿದ ಪರಿಷ್ಕೃತವನ್ನು ಮತ್ತೊಮ್ಮೆ ಪರಿಷ್ಕರಿಸಲು ಮಾಲೀಕ, ಒಲ್ಲದ ಮನಸ್ಸಿನಿಂದ, ಒಪ್ಪಿದ.

“ಆ ಹಳೇದನ್ನೇ ಇಟ್ಕೊಳ್ಳಿ,” ಎಂದು ತೀರ್ಪಿತ್ತಳು ಹೆಂಡತಿ. “ಅದರಲ್ಲಾದ್ರೂ ನಾನು ಕೇಳಿಸ್ತೀನಿ.”

ಹೊರಡುವಾಗ ಸುಮ್ಮನಿರಬಹುದಿತ್ತು. ಆದರೆ ಸಂಶೋಧಕನ ಬುದ್ಧಿ ನೋಡಿ, ಎಲ್ಲಿ ಬಿಡುತ್ತದೆ! ಬಾಗಿಲಿನಿಂದ ಹಿಂದಿರುಗಿ ಬಂದು, ಬೇರೆ ಯಾರಿಗೂ ಕೇಳದಂತೆ ಅಕ್ಕನನ್ನು ವಿಚಾರಿಸಿದೆ.

“ಅಕ್ಕ, ಆ ಒಂಬತ್ತನೇ ಪೆಟ್ಟಿಗೇನೂ ಅಳಿಸೋಕೆ ಮುಂಚೆ ಹಾಕಿ ನೋಡಿದ್ರಲ್ಲ?”

“ನೋಡಿದ್ವಿ ಸಾರ್.”

“ಎಷ್ಟು ಹೊತ್ತು ಕೇಳಿದ್ರಿ?”

ಅಕ್ಕ ಸುಳ್ಳು ಹೇಳುವವರಲ್ಲ. ಒಂದು ಕ್ಷಣ ಲೆಕ್ಕ ಹಾಕಿದರು. “ಒಂದು ನಿಮಿಷ ಇರಬಹುದು. ಅದರಲ್ಲೂ ಅರ್ಧ ನಿಮಿಷ ನೀವು ‘ಹಿಂದೆ ಕೂತವರಿಗೆ ಕೇಳಿಸ್ತಿದೆಯಾ? ಚೆನ್ನಾಗಿ ಕೇಳಿಸ್ತಿದೆಯಾ?’ ಅಂತಲೇ ಕೇಳ್ತಿದ್ರಿ.”

“ಯಾಕೆ, ಟೇಪು ಹಾಳಾಗಿತ್ತಾ? ಕೇಳಿಸ್ತಿರಲಿಲ್ವಾ?”

“ಚೆನ್ನಾಗಿ ಕೇಳಿಸ್ತಿತ್ತು ಸಾರ್,” ಎಂದರು ಅಕ್ಕ. “ಅದಕ್ಕೇ ಅಳಿಸಿದ್ವಿ.”